ನೋಡಿದೆ, ಕಾಣಲಿಲ್ಲ

ದೀಪಾವಳಿ ಕಳೆದು ಬಿಸಿಲು ಗಟ್ಟಿಯಾಗುತ್ತಿದ್ದಂತೆ ಆನವಟ್ಟಿಯ ಸುತ್ತಲಿನ ಊರುಗಳಲ್ಲಿ ರಸ್ತೆಯೇ ಕಣವಾಗಿಬಿಡುತ್ತದೆ. ಡಾಂಬರಿನ ಅರ್ಧಭಾಗಕ್ಕೆ ಮೆಕ್ಕೆಜೋಳ ಹರವಿ, ವಾಹನಗಳು ಮೇಲೆ ಬಾರದಿರಲೆಂದು ಅಂಚಿಗೆ ಕಲ್ಲುಗಳ ಸಾಲಿಟ್ಟು, ಮನೆಯ ಹಿರಿಯರೊಬ್ಬರು ಮರದ ನೆರಳಿನಲ್ಲಿ ಕಾವಲು ಕೂರುತ್ತಾರೆ. ಸಂಜೆ ಕಾಳನ್ನು ಚೀಲಕ್ಕೆ ತುಂಬಿಕೊಂಡು ಹೋಗುವಾಗ ಕಲ್ಲುಗಳು ಮಾತ್ರ ಅನೇಕ ಸಲ ಅಲ್ಲಿಯೇ ಉಳಿಯುತ್ತವೆ. ರೈತನಿಗೆ ಬೇರೆ ಕಣವಿಲ್ಲದ ಮೇಲೆ ಅವನನ್ನು ದೂರಿ ಫಲವೇನು? ನಾನು ಹೇಳಹೊರಟದ್ದು ಅದಲ್ಲ. ಸುಮಾರು ಹತ್ತು ವರ್ಷ ಈ ರಸ್ತೆಗಳಲ್ಲಿ ನಾನು ನೂರು ಸಿ.ಸಿ.ಯ ಹೀರೋ ಹೋಂಡಾ ಬೈಕಿನ ಮೇಲೆ ತಿರುಗಿದವನು. ಚೆಲ್ಲಿದ ಜೋಳದ ಕಾಳಿನ ಮೇಲೆ ಬೈಕಿನ ಚಕ್ರ ಹೋದರೆ ಗೋಲಿಗಳ ಮೇಲೆ ಹೋದಂತೆ. ಅಲ್ಲಿ ಮುಂದಿನ ಬ್ರೇಕ್ ಮುಟ್ಟಬಾರದು, ಬೈಕನ್ನು ವಾಲಿಸಬಾರದು, ಉಸಿರು ಹಿಡಿದು ನೇರವಾಗಿ ದಾಟಬೇಕು. ನವೆಂಬರ್ ತಿಂಗಳೆಂದರೆ ಜೋಳವೆಂದು ನನ್ನ ಮಂಡಿಗಳಿಗೇ ಗೊತ್ತಿತ್ತು.

2011ರಲ್ಲಿ ನನ್ನ ಸೇವೆಗೆಂದು ಒಂದು ಹಳೆಯ ಕಾರು ದೊರೆಯಿತು. ಆ ವರ್ಷದ ಸುಗ್ಗಿಯಲ್ಲಿ ಅದೇ ರಸ್ತೆಯಲ್ಲಿ, ಅದೇ ಜೋಳದ ಮೇಲೆ ಕಾರು ಓಡಿಸಿದಾಗ ಕೇಳಿಸಿದ್ದು ಚಕ್ರದಡಿಯ ಸಣ್ಣದೊಂದು ಚರಚರ ಸದ್ದು ಮಾತ್ರ. ಬಹಳ ದೂರ ಹೋದ ಮೇಲೆ, ಅರೆ, ಅದು ಜೋಳವಲ್ಲವೇ ಎಂದು ನೆನಪಾಯಿತು. ಹತ್ತು ವರ್ಷ ನನ್ನನ್ನು ಹೆದರಿಸಿದ್ದ ಒಂದು ವಸ್ತು ಗಾಜು ಏರಿಸಿದೊಡನೆ ಇಲ್ಲವಾಗಿಬಿಟ್ಟಿತ್ತು. ರಸ್ತೆ ಬದಲಾಗಿರಲಿಲ್ಲ. ನಾನು ಕುಳಿತ ಜಾಗ ಬದಲಾಗಿತ್ತು.

ಬೈಕು ಓಡಿಸಿದವನು ಕಾರು ಓಡಿಸುವ ರೀತಿಯೇ ಬೇರೆ ಎಂಬ ಮಾತನ್ನು ನೀವೂ ಕೇಳಿರಬಹುದು. ಮೊದಲ ಒಂದೆರಡು ವರ್ಷ ನನ್ನ ಮಟ್ಟಿಗೆ ಅದು ನಿಜವಾಗಿತ್ತು. ಸೊರಬ ಕೆರೆಗಳ ತಾಲ್ಲೂಕು. ಅನೇಕ ಕಡೆ ರಸ್ತೆ ಹೋಗುವುದೇ ಕೆರೆಯ ಏರಿಯ ಮೇಲೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಆಳದಲ್ಲಿ ಗದ್ದೆ. ಅಂಥ ಏರಿಯ ಮೇಲೆ ಎದುರಿನಿಂದ ಬಸ್ಸು ಬಂದರೆ ಅದರ ಗಾಳಿಯೇ ಬೈಕನ್ನು ಒಂದು ಗೇಣು ಅತ್ತ ನೂಕುತ್ತದೆ. ನಾಟಿಯ ದಿನಗಳಲ್ಲಿ ಟ್ರ್ಯಾಕ್ಟರಿನ ಚಕ್ರ ಗದ್ದೆಯಿಂದ ಹೊತ್ತು ತಂದ ಕೆಸರು ಮೊದಲ ಮಳೆಹನಿಗೇ ಎಣ್ಣೆಯಂತಾಗುತ್ತದೆ. ರಾತ್ರಿ ಎದುರಿನ ಕಾರಿನವನು ದೀಪ ತಗ್ಗಿಸದಿದ್ದರೆ ನಾಲ್ಕೈದು ಕ್ಷಣ ನಾವು ಕುರುಡರೇ. ಹಿಂದಿನ ದೀಪವಿಲ್ಲದ ಟ್ರೈಲರ್ ಆ ಕುರುಡಿನೊಳಗೇ ನಿಂತಿರುತ್ತದೆ. ಇವೆಲ್ಲ ನನಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ, ಮೈಮೇಲೆ ಬರೆದುಕೊಂಡದ್ದು. ಆದ್ದರಿಂದ ಕಾರಿನಲ್ಲಿ ಕುಳಿತೂ ಬೈಕಿನವನು ಕಂಡೊಡನೆ ದೀಪ ತಗ್ಗಿಸುತ್ತಿದ್ದೆ, ನೀರು ನಿಂತ ಗುಂಡಿಯಲ್ಲಿ ನಿಧಾನಿಸುತ್ತಿದ್ದೆ, ಅವನು ಗುಂಡಿ ತಪ್ಪಿಸಲು ಯಾವ ಕಡೆಗೆ ಹೊರಳುವನೆಂದು ಮೊದಲೇ ಊಹಿಸಿ ಜಾಗ ಬಿಡುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ನಮ್ಮ ಉಪದೇಶಿಗಳು, "ಕಾರಲ್ಲಿ ಕೂತ್ರೂ ಬೈಕಿನವರ ಹಾಗೇ ಹೆದರ್ತೀರಲ್ಲ ಫಾದರ್" ಎಂದು ನಗುತ್ತಿದ್ದರು. ಅದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೆ.

ಇದು ನನ್ನೊಬ್ಬನ ಅನುಭವವಲ್ಲವೆಂದು ನಂತರ ಓದಿ ತಿಳಿದೆ. 1999 ಮತ್ತು 2000ರಲ್ಲಿ ಯೂರೋಪಿನ ಐದು ದೇಶಗಳಲ್ಲಿ 921 ದ್ವಿಚಕ್ರ ವಾಹನ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಕೂಲಂಕಷವಾಗಿ ಪರಿಶೀಲಿಸಿದ್ದರು. ಆ ಮಾಹಿತಿಯನ್ನು ಇಟಲಿಯ ಸಂಶೋಧಕರು 2006ರಲ್ಲಿ ಮತ್ತೆ ಜಾಲಾಡಿದಾಗ, ಬೈಕಿನ ಪರವಾನಗಿಯೂ ಇದ್ದ ಕಾರು ಚಾಲಕರು ಬೈಕಿನೊಡನೆ ಆದ ಡಿಕ್ಕಿಗಳಿಗೆ ಕಾರಣರಾದದ್ದು ಇತರರಿಗಿಂತ ಕಡಿಮೆಯೆಂದು ಕಂಡುಬಂದಿತು. ನಮ್ಮ ದೇಶದಲ್ಲಿ ಈ ವಿಷಯದ ತೂಕ ಇನ್ನೂ ಹೆಚ್ಚು. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ನಮ್ಮ ಧರ್ಮಕೇಂದ್ರಗಳಲ್ಲಿ ಇಂಥ ಒಂದು ಶವಸಂಸ್ಕಾರ ನಡೆಸದ ಗುರುಗಳು ವಿರಳ.

2013ರ ಮಳೆಗಾಲದ ಒಂದು ಸಂಜೆ ನನಗೆ ಪರಿಚಿತರಾದ ಒಬ್ಬರು ಮನೆಗೆ ಬಂದರು. (ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಜಗುಲಿಯಲ್ಲಿ ಚಹಾ ಕುಡಿಯುತ್ತಾ ಆಡಿದ ಮಾತು, ಬರೆಯಲು ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ.) ಕೆಲವು ತಿಂಗಳ ಹಿಂದೆ ಅವರ ಕಾರು ಒಬ್ಬ ಹುಡುಗನ ಬೈಕಿಗೆ ತಾಗಿತ್ತು. ಹುಡುಗ ಬದುಕಿಕೊಂಡಿದ್ದ, ಆದರೆ ಕಾಲು ಮೊದಲಿನಂತಾಗಿರಲಿಲ್ಲ. ಅವರು ಕುಡಿದಿರಲಿಲ್ಲ, ವೇಗವಾಗಿಯೂ ಹೋಗುತ್ತಿರಲಿಲ್ಲ. "ತಿರುವಿನಲ್ಲಿ ಎರಡೂ ಕಡೆ ನೋಡಿದೆ ಫಾದರ್. ದೇವರಾಣೆ ನೋಡಿದೆ. ಆದರೆ ಆ ಹುಡುಗ ಕಾಣಲೇ ಇಲ್ಲ. ಇದು ಪಾಪವಾ?" ಎಂದು ಕೇಳಿದರು.

ಸಂಕಟದಲ್ಲಿರುವವರಿಗೆ ಸಮಾಧಾನ ಹೇಳುವುದು ನಮ್ಮ ಅಭ್ಯಾಸ. ಪಾಪಕ್ಕೆ ತಿಳಿವಳಿಕೆಯೂ ಸಮ್ಮತಿಯೂ ಬೇಕು, ನಿಮ್ಮಲ್ಲಿ ಎರಡೂ ಇರಲಿಲ್ಲ, ನಿಮ್ಮದೇನೂ ತಪ್ಪಿಲ್ಲ, ಸಮಾಧಾನದಿಂದ ಹೋಗಿ ಎಂದೆ. ಗುರುವಿದ್ಯಾಮಂದಿರದಲ್ಲಿ ಕಲಿತದ್ದನ್ನು ಸರಿಯಾಗಿಯೇ ಒಪ್ಪಿಸಿದ್ದೆ. ಅವರು ತಲೆಯಾಡಿಸಿ ಎದ್ದುಹೋದರು. ಚಹಾ ಅರ್ಧ ಉಳಿದಿತ್ತು.

ಮರುವರ್ಷ ನನ್ನ ಸರದಿ. ಹಳ್ಳಿಯ ಒಳದಾರಿಯಿಂದ ಬಂದು ಆನವಟ್ಟಿಯ ಕಡೆಯ ಮುಖ್ಯರಸ್ತೆಗೆ ಸೇರಬೇಕಿತ್ತು. ಬೆಳಿಗ್ಗೆ ಒಂಬತ್ತರ ಹೊತ್ತು, ಒಳ್ಳೆಯ ಬೆಳಕು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ರಸ್ತೆ ಖಾಲಿ. ಕಾರು ಮುಂದೆ ಬಿಟ್ಟೆ. ಬಲಗಡೆಯಿಂದ ಸದ್ದು, ಆಮೇಲೆ ಬಾನೆಟ್ಟಿನ ಮೇಲೆ ಒಂದು ಕೈ, ಆಮೇಲೆ ಡಾಂಬರಿನ ಮೇಲೆ ಉರುಳುತ್ತಿದ್ದ ಒಂದು ಊಟದ ಡಬ್ಬಿ. ಗಾರೆ ಕೆಲಸಕ್ಕೆ ಹೊರಟಿದ್ದ ನಡುವಯಸ್ಸಿನ ಮನುಷ್ಯ. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು, ಬಲಗೈ ಮಣಿಕಟ್ಟು ಮುರಿಯಿತು. ಜನ ಸೇರಿದರು. ಅವರ ಮುಂದೆ ನನ್ನ ಬಾಯಿಂದ ಬಂದ ಮೊದಲ ಮಾತು ಏನೆಂದು ಬಲ್ಲಿರಾ? "ನಾನು ನೋಡಿದೆ, ಕಾಣಲಿಲ್ಲ."

ಆಸ್ಪತ್ರೆಗೆ ನಾನೇ ಕರೆದೊಯ್ದೆ, ಠಾಣೆಗೂ ನಾನೇ ತಿಳಿಸಿದೆ. ಕೈಗೆ ಪಟ್ಟಿ ಕಟ್ಟುವವರೆಗೂ ಆ ಮನುಷ್ಯ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಕೊನೆಗೆ, ದೂರಿನ ಧ್ವನಿಯಲ್ಲಲ್ಲ, ನಿಜವಾಗಿಯೂ ಅರ್ಥವಾಗದವರ ಧ್ವನಿಯಲ್ಲಿ ಕೇಳಿದರು: "ನೀವು ನನ್ನನ್ನೇ ನೋಡಿದ್ರಲ್ಲ ಫಾದರ್? ಮುಖ ನನ್ನ ಕಡೆನೇ ಇತ್ತು. ನೋಡಿದ್ರು, ನಿಲ್ತಾರೆ ಅಂತ ನಾನು ಬಂದೆ."

ನಮ್ಮ ಭಾಷೆಯಲ್ಲಿ ನೋಡುವುದು ಬೇರೆ, ಕಾಣುವುದು ಬೇರೆ. ನೋಡುವುದು ನಾವು ಮಾಡುವ ಕೆಲಸ. ಕಾಣುವುದು ನಮಗೆ ಆಗುವಂಥದ್ದು. ಆದ್ದರಿಂದಲೇ 'ನೋಡಿದೆ, ಕಾಣಲಿಲ್ಲ' ಎಂಬ ವಾಕ್ಯ ಅಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ. ನನ್ನ ಪಾಲಿನ ಕೆಲಸ ಮುಗಿಸಿದ್ದೇನೆ, ಉಳಿದದ್ದು ನನ್ನ ಕೈಯಲ್ಲಿರಲಿಲ್ಲ ಎಂದು ಅದರ ಅರ್ಥ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಎಂಬ ವಿದ್ವಾಂಸರು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಬೈಕು ಅಪಘಾತಗಳನ್ನು ಸ್ಥಳಪರಿಶೀಲನೆ ಮಾಡಿ 1981ರಲ್ಲಿ ವರದಿ ಕೊಟ್ಟರು. ಬೇರೊಂದು ವಾಹನದೊಡನೆ ಆದ ಡಿಕ್ಕಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಆ ಇನ್ನೊಂದು ವಾಹನ ಬೈಕಿನ ದಾರಿಗೆ ಅಡ್ಡ ಬಂದು ಆದವು. ಚಾಲಕರು ಮತ್ತೆ ಮತ್ತೆ ಹೇಳಿದ್ದು ಇದನ್ನೇ: ಬೈಕು ಕಾಣಲಿಲ್ಲ, ಕಂಡಾಗ ಹೊತ್ತು ಮೀರಿತ್ತು. ಲಾಸ್ ಏಂಜಲೀಸಿನಲ್ಲೂ ಆನವಟ್ಟಿಯಲ್ಲೂ ಮನುಷ್ಯನ ಕಣ್ಣು ಒಂದೇ.

ಅವರು ಸುಳ್ಳು ಹೇಳಿರಲಿಕ್ಕಿಲ್ಲ. ತಲೆಯನ್ನು ಎಡದಿಂದ ಬಲಕ್ಕೆ ತಿರುಗಿಸುವಾಗ ಕಣ್ಣು ಒಂದೇ ಸಮನೆ ಹರಿಯುವುದಿಲ್ಲ. ಜಿಗಿದು ಜಿಗಿದು ನಿಲ್ಲುತ್ತದೆ. ಆ ಜಿಗಿತದ ನಡುವೆ ಮಿದುಳು ಚಿತ್ರವನ್ನು ಸ್ಪಷ್ಟವಾಗಿ ಗ್ರಹಿಸುವುದಿಲ್ಲ, ಬಿಟ್ಟ ಜಾಗವನ್ನು ಅದೇ ತುಂಬಿಕೊಂಡು ರಸ್ತೆ ಖಾಲಿ ಎಂದು ವರದಿ ಒಪ್ಪಿಸುತ್ತದೆ. ನೇರ ಎದುರಿಗೆ ಬರುವ ಬೈಕು ಬಹಳ ಹೊತ್ತು ಸಣ್ಣದಾಗಿಯೇ ಕಾಣುತ್ತದೆ, ಹತ್ತಿರ ಬಂದ ಮೇಲೆ ಒಮ್ಮೆಲೇ ದೊಡ್ಡದಾಗುತ್ತದೆ; ಸಣ್ಣದು ದೂರದಲ್ಲಿದೆ, ನಿಧಾನವಾಗಿದೆ ಎಂದು ನಾವು ಎಣಿಸುತ್ತೇವೆ. ಇನ್ನು ಕಾರಿನ ಮುಂಗಾಜಿನ ಎರಡೂ ಪಕ್ಕ ಚಾವಣಿಯನ್ನು ಹೊತ್ತ ಕಂಬಗಳಿವೆ. ನಮ್ಮಲ್ಲಿ ಚಾಲಕ ಕೂರುವುದು ಬಲಕ್ಕಾದ್ದರಿಂದ ಬಲಗಂಬ ಕಣ್ಣಿಗೆ ತೀರ ಹತ್ತಿರ. ಸ್ವಲ್ಪ ದೂರದಲ್ಲಿ ಒಂದು ಬೈಕು, ಅದರ ಮೇಲಿನ ಮನುಷ್ಯ, ಅವನ ಹಿಂದಿನ ಹೆಂಡತಿ, ನಡುವಿನ ಮಗು, ಎಲ್ಲರೂ ಆ ಕಂಬದ ಮರೆಯಲ್ಲಿ ಇಡಿಯಾಗಿ ಅಡಗಬಲ್ಲರು. ಅವರ ವೇಗಕ್ಕೂ ನಮ್ಮ ವೇಗಕ್ಕೂ ಹೊಂದಿಕೆಯಾದರೆ ಕೂಡುರಸ್ತೆ ತಲುಪುವವರೆಗೂ ಅಡಗಿಯೇ ಇರುತ್ತಾರೆ. ನಾನು ಆ ಗಾರೆಯವರ ಮುಖವನ್ನೇ ನೋಡಿದೆ ಎಂದದ್ದು ನಿಜ. ನಮ್ಮಿಬ್ಬರ ನಡುವೆ ನಾಲ್ಕು ಬೆರಳಗಲದ ತಗಡು ಇತ್ತು.

ಹಾಗಾದರೆ ತಪ್ಪು ತಗಡಿನದೇ, ಕಣ್ಣಿನದೇ? ಇಲ್ಲಿ ನನಗೆ ಗುರುವಿದ್ಯಾಮಂದಿರದಲ್ಲಿ ಓದಿ ಬದಿಗಿಟ್ಟಿದ್ದ ಒಂದು ಭೇದ ಮತ್ತೆ ನೆನಪಾಯಿತು. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಅಜ್ಞಾನದ ಬಗ್ಗೆ ಚರ್ಚಿಸುವಾಗ, ಎಷ್ಟು ಪ್ರಯತ್ನಿಸಿದರೂ ನೀಗಿಸಲಾಗದ ಅಜ್ಞಾನವನ್ನೂ, ಪ್ರಯತ್ನಿಸಿದ್ದರೆ ನೀಗಿಸಬಹುದಾಗಿದ್ದ ಅಜ್ಞಾನವನ್ನೂ ಬೇರ್ಪಡಿಸುತ್ತಾರೆ. ಮೊದಲನೆಯದಕ್ಕೆ ಮನುಷ್ಯ ಹೊಣೆಯಲ್ಲ. ಎರಡನೆಯದಕ್ಕೆ, ತಾನು ತಿಳಿಯಬೇಕಾದುದನ್ನು ತಿಳಿಯಲು ಉದಾಸೀನ ಮಾಡಿದ ಮಟ್ಟಿಗೆ, ಅವನು ಹೊಣೆ. ಕಂಬದ ಮರೆಯಲ್ಲಿ ಆ ಬೆಳಿಗ್ಗೆ ಒಬ್ಬ ಮನುಷ್ಯನಿದ್ದಾನೆಂಬುದು ನನಗೆ ಗೊತ್ತಿರಲಿಲ್ಲ, ಸರಿ. ಆದರೆ ಕಂಬದ ಮರೆಯಲ್ಲಿ ಮನುಷ್ಯರಿರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಹತ್ತು ವರ್ಷ ಆ ಮರೆಯಲ್ಲಿದ್ದ ಮನುಷ್ಯ ನಾನೇ! ಕೂಡುರಸ್ತೆಗಳಲ್ಲಿ ಕಾರಿನವರ ಮುಂದಿನ ಚಕ್ರ ಅಲುಗುತ್ತದೆಯೇ ಎಂದು ನೋಡುತ್ತಾ, ಅವರು ನನ್ನನ್ನು ಕಂಡಿಲ್ಲವೆಂದೇ ಭಾವಿಸಿ ಬೈಕು ಓಡಿಸಿ ಜೀವ ಉಳಿಸಿಕೊಂಡವನು. ಒಮ್ಮೆ ಮುಂದಕ್ಕೆ ಬಾಗಿ ಕಂಬದಾಚೆ ಇಣುಕಲು ಎರಡು ಕ್ಷಣ ಸಾಕಿತ್ತು. ಕಾರಿನ ಮೂರು ವರ್ಷ ಆ ಎರಡು ಕ್ಷಣಗಳನ್ನು ನನ್ನಿಂದ ಕಸಿದುಕೊಂಡಿತ್ತು. ಅಲ್ಲ, ನಾನೇ ಕೊಟ್ಟುಬಿಟ್ಟಿದ್ದೆ.

ಅನುಭವ ಮನುಷ್ಯನನ್ನು ತಿದ್ದುತ್ತದೆ ಎನ್ನುತ್ತೇವೆ. ತಿದ್ದುತ್ತದೆ, ಆದರೆ ಅದು ಬಾಡಿಗೆಗೆ ಬಂದಂತೆ ಬರುತ್ತದೆ. ಬಡತನದಲ್ಲಿ ಬೆಳೆದವನು ಕೈಗೆ ನಾಲ್ಕು ಕಾಸು ಬಂದ ಮೇಲೆ ಬಡವನನ್ನು ಗದರುವುದನ್ನು ಕಂಡಿದ್ದೇವೆ. ಅತ್ತೆಯಿಂದ ನೊಂದವಳೇ ಸೊಸೆಯನ್ನು ನೋಯಿಸುವುದನ್ನೂ ಕಂಡಿದ್ದೇವೆ. ಗಾಯ ಮಾಯುವಾಗ ಅದು ಕಲಿಸಿದ್ದೂ ಮಾಯುತ್ತದೆಯೇನೋ. ಮತ್ತೆ, ಬೈಕು ನನಗೆ ಕಲಿಸಿದ್ದಾದರೂ ಏನು? ಪರರ ಮೇಲಿನ ಪ್ರೀತಿಯನ್ನೋ, ನನ್ನ ಚರ್ಮದ ಮೇಲಿನ ಪ್ರೀತಿಯನ್ನೋ? ಬಹುಪಾಲು ಎರಡನೆಯದನ್ನೇ ಎಂದು ಒಪ್ಪಿಕೊಳ್ಳಬೇಕು. ಹೆದರಿಕೆ ನನ್ನ ಕಣ್ಣು ತೆರೆಸಿತ್ತು. ಹೆದರಿಕೆಯ ಕಾರಣ ಹೋದೊಡನೆ, ಕಣ್ಣು ತೆರೆದೇ ಇದ್ದರೂ ಕಾಣುವುದು ನಿಂತಿತು. ಯೇಸುಸ್ವಾಮಿ ಹೇಳಿದ ಸಮಾರಿಯದವನ ಸಾಮತಿಯಲ್ಲಿ ಯಾಜಕನೂ ಲೇವಿಯನೂ ಗಾಯಗೊಂಡವನನ್ನು ಕಂಡೇ ಆಚೆ ಬದಿಯಿಂದ ಹೋದರೆಂದು ಸಂತ ಲೂಕರು ಬರೆಯುತ್ತಾರೆ. ಆ ಯಾಜಕನ ಬಗ್ಗೆ ಎಷ್ಟು ಪ್ರಬೋಧನೆ ಮಾಡಿದ್ದೇನೋ ಲೆಕ್ಕವಿಲ್ಲ. ಅವನಾದರೂ ಕಂಡಿದ್ದ.

2007ರ ಜೂನ್‌ನಲ್ಲಿ ವ್ಯಾಟಿಕನ್ ರಸ್ತೆಯ ಬಳಕೆದಾರರ ಪಾಲನೆಯ ಬಗ್ಗೆ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿತು. ಅದರಲ್ಲಿ ಚಾಲಕರಿಗೆಂದೇ ಹತ್ತು ಕಟ್ಟಳೆಗಳಿದ್ದವು. ಆಗ ಪತ್ರಿಕೆಗಳು ಅದನ್ನು ತುಸು ತಮಾಷೆಯಾಗಿ ವರದಿ ಮಾಡಿದವು. ನಾನೂ ನಕ್ಕಿದ್ದೆ, ರೋಮಿಗೆ ಬೇರೆ ಕೆಲಸವಿಲ್ಲವೇ ಎಂದು. ಅಪಘಾತದ ನಂತರ ಹುಡುಕಿ ಓದಿದೆ. ರಸ್ತೆಯಲ್ಲಿ ಹೆಚ್ಚು ದುರ್ಬಲನಾದವನನ್ನು ಕಾಪಾಡಬೇಕೆಂದು ಒಂದು ಕಟ್ಟಳೆ. ಅದಕ್ಕೆ ಮುಂಚಿನದು ನನ್ನನ್ನು ತಡೆದು ನಿಲ್ಲಿಸಿತು: ತಪ್ಪು ಮಾಡಿದ ಚಾಲಕನೂ ನೊಂದವನೂ ತಕ್ಕ ಸಮಯದಲ್ಲಿ ಮುಖಾಮುಖಿಯಾಗುವಂತೆ ಮಾಡಬೇಕು, ಕ್ಷಮೆಯ ಬಿಡುಗಡೆ ಇಬ್ಬರಿಗೂ ಸಿಗಲೆಂದು. ಬೇರೆಯವರಿಗೆ ಈ ವ್ಯವಸ್ಥೆ ಮಾಡಿಕೊಡುವುದು ಗುರುವಿನ ಕೆಲಸ. ಗುರುವೇ ಚಾಲಕನಾದರೆ?

ಗಾರೆಯವರ ಮನೆಗೆ ಹೋದೆ. ಎರಡು ತಿಂಗಳ ಕೂಲಿಯ ಲೆಕ್ಕ ನಾನೇ ಮಾಡಿಕೊಂಡು ಹೋಗಿದ್ದೆ. ಅವರು ತೆಗೆದುಕೊಳ್ಳಲು ಹಿಂಜರಿದರು, ಅವರ ಹೆಂಡತಿ ಹಿಂಜರಿಯಲಿಲ್ಲ. ಮನೆ ನಡೆಸುವವರು ಅವರಲ್ಲವೇ, ಅದೇ ಸರಿ ಅನಿಸಿತು. "ಕಾಣಲಿಲ್ಲ ಅಂತ ಅವತ್ತು ಹೇಳಿದೆನಲ್ಲ, ಅದು ಪೂರ್ತಿ ಸರಿಯಲ್ಲ. ಕಾಣಬೇಕಾದಷ್ಟು ನೋಡಲಿಲ್ಲ" ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ನಾನೂ ಸ್ವಲ್ಪ ಜೋರಾಗೇ ಬರ್ತಿದ್ದೆ ಬಿಡಿ" ಎಂದರು. ಅದು ನಿಜವೋ, ನನ್ನ ಭಾರ ಇಳಿಸಲು ಆಡಿದ ಮಾತೋ ಇಂದಿಗೂ ತಿಳಿಯದು.

ಇನ್ನೊಂದು ಮನೆಗೂ ಹೋಗಬೇಕಿತ್ತು. ಹಿಂದಿನ ವರ್ಷ ಜಗುಲಿಯಲ್ಲಿ ಕುಳಿತು ಪ್ರಶ್ನೆ ಕೇಳಿದವರ ಮನೆಗೆ. ನನ್ನ ಕಥೆ ಹೇಳಿ, ಅಂದು ಅವಸರದಲ್ಲಿ ಉತ್ತರ ಕೊಟ್ಟೆ, ಕ್ಷಮಿಸಿ ಎಂದೆ. ಅವರು ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ: "ನೀವು ತಪ್ಪಿಲ್ಲ ಅಂದ್ರಿ ಫಾದರ್. ತಪ್ಪಿಲ್ಲ ಅಂದ್ರೆ ನಾನು ಬದಲಾಯಿಸಿಕೊಳ್ಳೋದು ಏನೂ ಇಲ್ಲ ಅಂತಾಯ್ತಲ್ಲ. ನಾಳೆ ಮತ್ತೆ ಹಾಗೇ ಆಗಬಹುದು ಅಂತಾಯ್ತಲ್ಲ. ಅದಕ್ಕೇ ಆ ರಾತ್ರಿ ನನಗೆ ಇನ್ನೂ ಹೆಚ್ಚು ಹೆದರಿಕೆ ಆಯ್ತು." ನೀತಿಶಾಸ್ತ್ರದ ಯಾವ ಪಾಠದಲ್ಲೂ ಈ ಮಾತನ್ನು ನಾನು ಕೇಳಿರಲಿಲ್ಲ. ತಪ್ಪನ್ನು ಇಲ್ಲವೆಂದು ಹೇಳಿ ನಾನು ಅವರಿಂದ ತಿದ್ದಿಕೊಳ್ಳುವ ದಾರಿಯನ್ನೇ ಕಿತ್ತುಕೊಂಡಿದ್ದೆ. ಅವರು ನನ್ನ ಸಮಾಧಾನವನ್ನು ಬದಿಗಿಟ್ಟು, ಆ ಹುಡುಗನನ್ನು ತಿಂಗಳಿಗೊಮ್ಮೆ ವೈದ್ಯರ ಬಳಿ ಕರೆದೊಯ್ಯುತ್ತಿದ್ದರು.

2017ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ಬೈಕುಗಳಿಗೆಲ್ಲ ಹಗಲಲ್ಲೂ ದೀಪ ಉರಿಯುತ್ತಲೇ ಇರಬೇಕೆಂಬ ನಿಯಮ ಬಂದಿದೆ. ಆರಂಭದಲ್ಲಿ ಎದುರಿನವರೆಲ್ಲ ಐದು ಬೆರಳು ಅರಳಿಸಿ ಮುಚ್ಚಿ, ಲೈಟ್ ಆರಿಸಲು ಮರೆತಿದ್ದೀರಿ ಎಂದು ಸನ್ನೆ ಮಾಡುತ್ತಿದ್ದರು. ಆ ದೀಪ ಉರಿಯುವುದು ಸವಾರನಿಗೆ ದಾರಿ ಕಾಣಲೆಂದಲ್ಲ, ನಮಗೆ ಸವಾರ ಕಾಣಲೆಂದು. ಒಳ್ಳೆಯ ನಿಯಮವೇ. ಆದರೆ ಕಾಣಿಸಿಕೊಳ್ಳುವ ಹೊಣೆಯೂ ದುರ್ಬಲನ ಮೇಲೆಯೇ ಬಿದ್ದಿತಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಕಳೆದ ಸುಗ್ಗಿಯಲ್ಲಿ ತಂಗಿಯ ಮಗಳು ಬೆಂಗಳೂರಿನಿಂದ ರಜೆಗೆ ಬಂದಿದ್ದಳು. ಇಪ್ಪತ್ತೆರಡರ ಹುಡುಗಿ, ಬೈಕು ಸ್ಕೂಟರು ಯಾವುದನ್ನೂ ಮುಟ್ಟದೆ ನೇರವಾಗಿ ಕಾರು ಕಲಿತವಳು. ಇಂದು ಅಂಥವರೇ ಹೆಚ್ಚುತ್ತಿದ್ದಾರೆ. ಅವರೆಲ್ಲರೂ ಬೈಕು ಓಡಿಸಿ ಬಿದ್ದು ಕಲಿಯಲಿ ಎನ್ನಲಾದೀತೇ? ಬೈಕನ್ನು ಓಡಿಸದಿದ್ದರೂ ಹಿಂದೆ ಕೂರಬಹುದಲ್ಲ ಎಂದು, ಪರಿಚಯದವರ ಬೈಕು ಪಡೆದು, ಅವಳಿಗೂ ಹೆಲ್ಮೆಟ್ ಹಾಕಿಸಿ, ಕೆರೆ ಏರಿಯ ಮೇಲಿಂದ ಕುಬಟೂರಿನ ಕಡೆಗೆ ಹೊರಟೆ. ಕೈಟಭೇಶ್ವರ ದೇವಾಲಯದ ಹಳೆಯ ಕಂಬಗಳನ್ನು ತೋರಿಸುವುದು ನೆಪ. ದಾರಿಯುದ್ದಕ್ಕೂ ಜೋಳ. ಎದುರಿನಿಂದ ಬಸ್ಸು ಬಂದಾಗ ಅವಳ ಕೈ ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿಯಿತು. ಪಾಠ ಆಗುತ್ತಿದೆ ಎಂದು ಒಳಗೊಳಗೇ ಹಿಗ್ಗಿದೆ.

ಜೋಳ ತಪ್ಪಿಸಲು ನಾನು ಎಡ ಅಂಚಿಗೆ ಸರಿದು ಒಮ್ಮೆ ಜೋರಾಗಿ ಹಾರ್ನ್ ಮಾಡಿದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಮುದುಕಿಯೊಬ್ಬರು ಬೆಚ್ಚಿ, ಡಾಂಬರು ಬಿಟ್ಟು ಕೆಳಗಿನ ಚರಂಡಿಗೆ ಇಳಿದು ನಿಂತರು. ದೇವಾಲಯದ ಮುಂದೆ ಬೈಕು ನಿಲ್ಲಿಸಿದಾಗ ಹುಡುಗಿ ಹೆಲ್ಮೆಟ್ ತೆಗೆಯುತ್ತಾ ಕೇಳಿದಳು: "ಮಾಮ, ಆ ಅಜ್ಜಿ ನಿಮಗೆ ಕಾಣಿಸಿದ್ರಾ?"

ಕಾಣಿಸಿದ್ದರು. ಅಡ್ಡವಾಗಿ ಕಾಣಿಸಿದ್ದರು. 2022ರ ಆ ವರದಿಯಲ್ಲಿ ಸತ್ತವರ ಪೈಕಿ ನೂರಕ್ಕೆ 19ಕ್ಕೂ ಹೆಚ್ಚು ಜನ ನಡೆದು ಹೋಗುತ್ತಿದ್ದವರು. ಬೈಕಿನವರ ಸಂಖ್ಯೆಯ ಕೆಳಗೇ ಆ ಸಾಲು ಇತ್ತು, ನಾನೂ ಓದಿದ್ದೆ. ಅವಳಿಗೆ ಏನು ಹೇಳಬೇಕೆಂದು ತೋಚದೆ ಗುಡಿಯೊಳಗೆ ಹೋಗೋಣ ಎಂದೆ.

ಮರುದಿನ ಬೆಳಿಗ್ಗೆ ಪೇಟೆಗೆ ಹೋಗಬೇಕಿತ್ತು. ಇಬ್ಬರೂ ನಡೆದೇ ಹೊರಟೆವು. ಜೋಳದ ಕಲ್ಲುಗಳಿಗೂ ಚರಂಡಿಗೂ ನಡುವೆ ಒಂದಡಿ ಜಾಗವಿತ್ತು. ಅವಳು ಮುಂದೆ, ನಾನು ಹಿಂದೆ. ಹಿಂದಿನಿಂದ ಹಾರ್ನ್ ಕೇಳಿದಾಗ ಇಬ್ಬರೂ ಒಟ್ಟಿಗೇ ಚರಂಡಿಗೆ ಇಳಿದೆವು.